ನಡುವೆ ನಿಲ್ಲದ ಗಂಟೆ

ದೋಸೆ ಸಟ್ಟುಗದ ಅಂಚನ್ನು ಮೇಣದ ಅಡಿಗೆ ತೂರಿಸಿ ಚೌಡಮ್ಮ ಅಂಗೈಯಿಂದ ಒಂದು ಗುದ್ದು ಕೊಟ್ಟಳು. ರಾತ್ರಿಯ ಚಳಿಗೆ ಬಿಗಿದುಕೊಂಡಿದ್ದ ಮೇಣ ಹಪ್ಪಳದ ಹಾಗೆ ಟಪ್ಪೆಂದು ಎದ್ದು ಬಂತು. ಅದನ್ನು ತಗಡಿನ ಡಬ್ಬಿಗೆ ಹಾಕಿ ಪಕ್ಕದ ಕಲ್ಲಿಗೆ ಸರಿದಳು.

"ಬಿಸಿಲು ಏರಿದ ಮ್ಯಾಲೆ ಮಾಡಿದ್ರ ಮೆತ್ತಗ ಆಗಂಗಿಲ್ಲೇನು?" ಹಿಂದೆ ನಿಂತಿದ್ದ ದಾಕ್ಷಾಯಿಣಿ ಕೇಳಿದರು.

"ಮೆತ್ತಗಾದ್ರೆ ಕಲ್ಲಿಗೇ ಅಂಟ್ಕೊಂಡು ಕೂರ್ತದೆ ದಫೇದಾರಮ್ಮ. ಮೇಣ ಕೀಳೂಕೆ ಚಳಿಯೇ ಆಗಬೇಕು."

"ಕಿತ್ತ ಮೇಣ ಏನ್ ಮಾಡ್ತಿ?"

"ಕಾಯಿಸಿ ಬಿದಿರಿನ ಅಂಡೆಗೆ ಹೊಯ್ತೆ. ತಿರುಗಿ ಬತ್ತಿ ಆಗ್ತದೆ. ಒಬ್ರ ಬೇಡಿಕೆ ಇನ್ನೊಬ್ರ ಕೈಗೆ ಹೋಗ್ತದೆ ಅಂತ ಫಾದರ್ ನಗ್ತಾರೆ."

ಮಾತು ಸಲೀಸಾಗಿ ಬಂತು. ಕೈ ಹಾಗೆ ನಡೆಯಲಿಲ್ಲ. ಸಟ್ಟುಗ ಜಾರಿ ಹೆಬ್ಬೆರಳು ತರಚಿತು. ಪೊಲೀಸಿನಲ್ಲಿ ಮೂವತ್ತು ವರ್ಷ ದುಡಿದು ಸಿದ್ದಾಪುರದಲ್ಲಿ ದಫೇದಾರರಾಗಿ ನಿವೃತ್ತಿಯಾದ ಈ ಹೆಂಗಸು ಕುಂಬ್ರಿಕೊಪ್ಪಕ್ಕೆ ಬರುತ್ತಾರೆ ಎಂದು ನಿನ್ನೆ ಕೇಳಿದಾಗಿನಿಂದ ಅವಳಿಗೆ ಅನ್ನ ಸೇರಿರಲಿಲ್ಲ.

ಕಳೆದ ಜನವರಿಯಲ್ಲಿ ಕ್ರೈಸ್ತರ ಮೂರು ರಾಯರ ಹಬ್ಬದ ಸಂಜೆ ಇಗರ್ಜಿಯ ಗಂಟೆ ಹೊಡೆಯುವ ಬಸ್ತ್ಯಾಂವ ಗೋಪುರದ ಬುಡದಲ್ಲಿ ತಲೆ ಒಡೆದು ಸತ್ತುಬಿದ್ದಿದ್ದ. ಕೊಂದವನೆಂದು ಜೈಲು ಸೇರಿದ ಮಂಜನ ಮೊಕದ್ದಮೆ ಬರುವ ಶುಕ್ರವಾರ ಮುಗಿಯಲಿತ್ತು.

ಮಂಜನ ಹೆಂಡತಿ ತಿಮ್ಮಿ ಎರಡು ದಿನ ದಾಕ್ಷಾಯಿಣಿಯವರ ಮನೆ ಜಗಲಿಯಲ್ಲಿ ಕೂತು ಅವರನ್ನು ಹೊರಡಿಸಿದ್ದಳು. ಅದೇ ತಿಮ್ಮಿ ಪ್ರತಿ ಶನಿವಾರ ನಡೆದು ಬಂದು ಈ ಗವಿಯಲ್ಲಿ ಗಂಡನ ಹೆಸರಿಗೆ ಬತ್ತಿ ಹಚ್ಚುತ್ತಿದ್ದಳು. ಆ ಬತ್ತಿಯ ಮೇಣ ಕೆರೆಯುವವಳು ಚೌಡಮ್ಮ.

ಗವಿ ಎಂದರೆ ನಿಜವಾದ ಗವಿಯಲ್ಲ. ಇಗರ್ಜಿಯ ಹಿಂದಿನ ದಿಬ್ಬಕ್ಕೆ ಒರಗಿಸಿ ಚಿರೆಕಲ್ಲಿನಲ್ಲಿ ಕಟ್ಟಿದ್ದು. ಒಳಗೆ ಬಿಳಿ ಉಡುಗೆಗೆ ನೀಲಿ ಪಟ್ಟಿ ಕಟ್ಟಿದ ಲೂರ್ದು ಮಾತೆಯ ಮೂರ್ತಿ. ಊರಿನಲ್ಲಿ ಕ್ರೈಸ್ತರ ಮನೆ ಹನ್ನೆರಡೇ. ಬತ್ತಿ ಹಚ್ಚುವವರು ಮಾತ್ರ ಸುತ್ತಲಿನವರೆಲ್ಲ. ಚಂದಗುಳಿಯ ಗಣಪನಿಗೆ ಕಟ್ಟುವ ಹಾಗೆ ಯಾರೋ ಹರಕೆಯವರು ಗವಿಯ ಬಾಗಿಲ ಕಂಬಿಗೂ ಒಂದು ಹಿತ್ತಾಳೆ ಗಂಟೆ ಕಟ್ಟಿ ಹೋಗಿದ್ದರು.

ಆ ಗಂಟೆ ಈಗ ಟಣ್ ಎಂದಿತು. ಚೌಡಮ್ಮನ ಕೈಯಿಂದ ಡಬ್ಬಿ ಬಿತ್ತು.

"ಹೆದರಿದ್ಯಾ ತಾಯಿ? ನಾನವ್ವಾ" ಎನ್ನುತ್ತ ಬಂದವರು ಶಂಭುಲಿಂಗಪ್ಪ, ಬನವಾಸಿ ಕಡೆಯ ಭತ್ತದ ವ್ಯಾಪಾರಿ. ಮೊಮ್ಮಗಳ ಕಣ್ಣು ನೆಟ್ಟಗಾದ ಹರಕೆಗೆ ಮಂಗಳವಾರ ಮಂಗಳವಾರ ಗವಿಗೆ ಬರುತ್ತಿದ್ದರು. ದಾಕ್ಷಾಯಿಣಿ ಅವರ ಪೈಕಿಯವರೇ. ಇವತ್ತು ಆಕೆಯನ್ನು ಶಿರಸಿಯಿಂದ ತಮ್ಮ ಜೀಪಿನಲ್ಲೇ ಕರೆತಂದಿದ್ದರು.

ಬಿದ್ದ ಡಬ್ಬಿಯನ್ನು ಅವರೇ ಬಗ್ಗಿ ಎತ್ತಿಕೊಟ್ಟರು. "ಥಂಡಿ ಭಾಳ ಐತಿ. ಶಾಲು ಹೊದ್ಕೊಳ್ಳವ್ವಾ" ಎಂದು ಹೇಳಿ ಎದುರಿನ ಕಲ್ಲುಬೆಂಚಿನ ಮೇಲೆ ಕಣ್ಣುಮುಚ್ಚಿ ಕೂತರು.

ಮಂಜು ಇನ್ನೂ ಕರಗಿರಲಿಲ್ಲ. ಗೋಪುರದ ಕುತ್ತಿಗೆಯವರೆಗೆ ಕಾಣುತ್ತಿತ್ತು, ಮೇಲಿನ ಗಂಟೆ ಕಾಣುತ್ತಿರಲಿಲ್ಲ. ಬಸ್ತ್ಯಾಂವ ಸತ್ತ ಮೇಲೆ ಆ ಗಂಟೆಯನ್ನು ಯಾರೂ ಮುಟ್ಟಿರಲಿಲ್ಲ. ಈಗ ಹೊತ್ತು ಹೊತ್ತಿಗೆ ಮೈಕಿನಲ್ಲಿ ಗಂಟೆಯ ರೆಕಾರ್ಡು ಹಾಕುತ್ತಿದ್ದರು.

"ಗೋಪುರದ ಕೀಲಿ ಎಲ್ಲೈತಿ?" ದಾಕ್ಷಾಯಿಣಿ ಕೇಳಿದರು.

"ನನ್ನ ಗೊಂಚಲಲ್ಲೇ ಅದೆ. ಫಾದರ್ ಶಿರಸಿಗೆ ಹೋಗ್ಯಾರೆ."

ಅಷ್ಟರಲ್ಲಿ ಬೈಕಿನ ಸದ್ದಾಯಿತು. ಹೆಗಲಿಗೆ ಬಣ್ಣದ ಲೈಟಿನ ಸರಗಳನ್ನು ಹಾಕಿಕೊಂಡು ವಿನೋದ ಬಂದ. ಕ್ರಿಸ್ಮಸ್ಸಿನ ಗೋದಲಿಗೂ ಊರ ದೇವಸ್ಥಾನಕ್ಕೂ ಲೈಟು ಕಟ್ಟುವವನು ಅವನೇ. ಮಂಜ ಆ ಸಂಜೆ ಇಗರ್ಜಿಯೊಳಗೆ ಹೋದದ್ದನ್ನು ಕಂಡೆ ಎಂದು ಸಾಕ್ಷಿ ಹೇಳಿದವನೂ ಅವನೇ. ಒಳಗೆ ಬರುವಾಗ ಅವನೂ ಹರಕೆ ಗಂಟೆಯನ್ನು ಒಮ್ಮೆ ಎಳೆದ.

"ಎಂತ ಚೌಡಕ್ಕ, ಪೊಲೀಸರ್ನ ಕೂರ್ಸ್ಕೊಂಡು ಮೇಣ ಕೆರೀತಿದ್ಯಾ? ದೊಡ್ಡ ಜನ ಆದೆ ಮಾರಾಯ್ತಿ."

"ನಾನು ಪೊಲೀಸ್ ಅಲ್ಲಪ್ಪ. ಪೆನ್ಶನ್ ತಿನ್ನೋ ಮುದುಕಿ" ಎಂದರು ದಾಕ್ಷಾಯಿಣಿ. "ನೀನಾ ವಿನೋದ? ಆ ದಿನ ಮಂಜನ್ನ ಎಲ್ಲಿಂದ ನೋಡಿದಿ?"

"ಕೋರ್ಟಲ್ಲಿ ಹೇಳಿದ್ದೆ ಅಲ್ದ. ತಿರುಗಿ ಹೇಳಿದ್ರೆ ಬೇರೆ ಆಗ್ತದ್ಯಾ?"

"ಕೆಲವರಿಗೆ ಆಗ್ತದ."

"ನಂಗೆ ಆಗೂದಿಲ್ಲ. ರಸ್ತೆ ಕಂಬದ ಮೇಲಿದ್ದೆ. ಏಳರ ಗಂಟೆ ಆಯ್ತು. ಕಾಲು ಗಂಟೆ ಬಿಟ್ಟು ಮಂಜ ಬಂದ. ಬರೂದು ಕಂಡೆ, ಹೊಡೆಯೂದು ಕಾಣ್ಲಿಲ್ಲ. ಅಷ್ಟೇ."

"ಏಳರ ಗಂಟಿ ನಾನೂ ಕೇಳೀನಿ ಬಿಡ್ರಿ" ಬೆಂಚಿನಿಂದ ಶಂಭುಲಿಂಗಪ್ಪ ಕಣ್ಣು ತೆರೆಯದೆ ಹೇಳಿದರು. "ಜೀಪಿನಾಗ ಕುಂತಿದ್ದೆ. ಪಾಪ, ಅವನ ಕಡೀ ಗಂಟಿ."

ವಿನೋದ ಗವಿಯ ಪಕ್ಕದ ಹಲಗೆಯ ಕಡೆ ತಿರುಗಿದ. ಚೌಡಮ್ಮ ಎರಕ ಹೊಯ್ದ ಬತ್ತಿಗಳನ್ನೆಲ್ಲ ಫಾದರ್ ನಿನ್ನೆ ಗೋಣಿಚೀಲದಿಂದ ತೆಗೆಸಿ ಹಬ್ಬಕ್ಕೆಂದು ಅಲ್ಲಿ ಸಾಲಾಗಿ ಇಡಿಸಿದ್ದರು. ಅವಳು ಬೇಡವೆನ್ನುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

"ಗೋದಲಿ ಮುಂದೆ ದಪ್ಪದ್ದೊಂದು ಇಡು ಅಂದಿದ್ರು ಫಾದರ್" ಎನ್ನುತ್ತ ಅವನು ಸಾಲಿನ ಮೇಲೆ ಕೈಯಾಡಿಸಿ ತುದಿಯಲ್ಲಿದ್ದುದನ್ನು ಎತ್ತಿದ. ಮೊಣಕೈಯಷ್ಟು ಉದ್ದ, ಮುಷ್ಟಿಗೆ ತುಂಬುವಷ್ಟು ದಪ್ಪ.

ಚೌಡಮ್ಮ ಕೈ ಅಡ್ಡ ಚಾಚಿದಳು. "ಅದು ಬೇಡ. ಅದು ಸರಿ ಉರೀತಿಲ್ಲ."

"ಹಚ್ಚದೇ ಹೆಂಗೆ ಗೊತ್ತು ನಿಂಗೆ?"

ಅವನು ಜೇಬಿನಿಂದ ಲೈಟರ್ ತೆಗೆದು ಹಚ್ಚಿದ. ಉರಿ ಮೊದಲು ನೀಲಿಯಾಗಿ ಮುದುಡಿತು, ಆಮೇಲೆ ನೆಟ್ಟಗೆ ನಿಂತಿತು. ಮೇಲ್ತುದಿ ಮೆತ್ತಗಾಗಿ ಒಂದು ಹನಿ ಕೆಳಗಿಳಿಯಿತು. ಮತ್ತೊಂದು.

ಚೌಡಮ್ಮನಿಗೆ ಉರಿಯೊಂದೇ ಕಾಣುತ್ತಿತ್ತು. ಬತ್ತಿಯ ನೂಲು ಇರುವುದು ಒಂದು ಬೆರಳಿನಷ್ಟು ಆಳಕ್ಕೆ ಮಾತ್ರ. ಅದರ ಕೆಳಗೆ ಏನಿದೆ ಎಂದು ಈ ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತು.

ದಾಕ್ಷಾಯಿಣಿ ಉರಿಯನ್ನು ನೋಡಲಿಲ್ಲ. ಚೌಡಮ್ಮನ ಮುಖವನ್ನೇ ನೋಡುತ್ತಿದ್ದರು. ಮನೆಗೆ ಬೆಂಕಿ ಬಿದ್ದವರು ನೋಡುವ ಹಾಗೆ ಅವಳು ಉರಿಯನ್ನು ನೋಡುತ್ತಿದ್ದಳು.

"ಕೊಡಪ್ಪ ಇಲ್ಲಿ" ಎಂದು ಬತ್ತಿಯನ್ನು ಅವನ ಕೈಯಿಂದ ತೆಗೆದುಕೊಂಡು ಉಫ್ ಎಂದು ಆರಿಸಿದರು. "ನಾನೂ ಒಂದು ಹರಕಿ ಹೊತ್ತು ಬಂದೀನಿ. ನಂಗ ದಪ್ಪಂದೇ ಬೇಕು. ನೀ ಬ್ಯಾರೆ ಆರಿಸ್ಕೋ."

"ಪೆನ್ಶನ್‌ನವ್ರ ಹರಕೆಯೂ ದಪ್ಪವೇ" ಎಂದು ನಕ್ಕ ವಿನೋದ ಬೇರೊಂದು ಬತ್ತಿ ಎತ್ತಿಕೊಂಡ. ಆದರೆ ಅವನ ಕಣ್ಣು ಒಂದು ಕ್ಷಣ ಮೊದಲನೆಯದರ ಮೇಲೇ ನಿಂತಿತ್ತು. ಸರಗಳನ್ನು ಮೆಟ್ಟಿಲ ಮೇಲೆ ಹಾಕಿ, ಟೇಪು ಮುಗಿದಿದೆ, ಅಂಗಡಿಯಿಂದ ತರುತ್ತೇನೆ ಎಂದು ಬೈಕು ಹತ್ತಿದ.

ಸದ್ದು ದೂರವಾದ ಮೇಲೆ ದಾಕ್ಷಾಯಿಣಿ ಬತ್ತಿಯನ್ನು ಕೈಯಲ್ಲಿ ತೂಗಿದರು.

"ಇಷ್ಟು ದಪ್ಪದ ಬತ್ತಿ, ಇಷ್ಟು ಹಗುರ ಯಾಕ ಚೌಡವ್ವ?"

ದಾಕ್ಷಾಯಿಣಿ ಅವಳ ರಟ್ಟೆ ಹಿಡಿದು ಗವಿಯ ಗೋಡೆಯ ಆಚೆ ಮಗ್ಗುಲಿಗೆ, ಬೆಂಚಿಗೆ ಕಾಣದ ಕಡೆ ಕರೆದೊಯ್ದರು. ಬತ್ತಿಯನ್ನು ಕಲ್ಲಿನ ಅಂಚಿಗೆ ಒಂದೇ ಏಟು ಹೊಡೆದರು. ಚಳಿಯ ಮೇಣ ಎರಡು ಹೋಳಾಯಿತು. ನಡುವೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಸುರುಳಿ. ಅದರೊಳಗೆ ಲಕೋಟೆ. ಲಕೋಟೆಯ ಮೇಲೆ ಮಂಜನ ವಕೀಲರ ಹೆಸರು, ಶಿರಸಿಯ ವಿಳಾಸ.

"ನಿನ್ನ ಬರವಣಿಗಿ ಏನು?"

"ಹೌದು."

"ಯಾವಾಗ ಬರೆದದ್ದು?"

"ಮಂಜನ್ನ ಹಿಡ್ಕೊಂಡು ಹೋದ ವಾರ."

ದಾಕ್ಷಾಯಿಣಿ ಬಿಡಿಸಿ ಓದಿದರು. ಕಾಗದ ಒಂದೇ ಪುಟ. ಓದಿ ಮುಗಿಸಿ, ಮೊದಲ ಸಾಲಿಗೆ ಮರಳಿ ಬಂದು ಗಟ್ಟಿಯಾಗಿ ಓದಿದರು: "ಆ ದಿನ ಏಳರ ಹೊತ್ತಿಗೆ ಗಂಟೆ ಹೊಡೆದವನು ಬಸ್ತ್ಯಾಂವ ಅಲ್ಲ." ತಲೆಯೆತ್ತಿದರು. "ಹೆಂಗ ಗೊತ್ತು? ನೀ ನೋಡಿದೇನು?"

"ಕೇಳಿದೆ. ಬಸ್ತ್ಯಾಂವ ಮೂರು ಹೊಡೀತಿದ್ದ. ಒಂದು ನಮಾನ್ ಮೋರಿ ಜಪ ಹೇಳಿ ಮುಗಿಸೂವರೆಗೆ ಸುಮ್ನೆ. ತಿರುಗಿ ಮೂರು, ತಿರುಗಿ ಸುಮ್ನೆ, ಮತ್ತೂ ಮೂರು. ಕಡೆಗೆ ಒಂಬತ್ತು. ಇಪ್ಪತ್ತು ವರ್ಷ ಆ ಗಂಟೆ ಕೇಳೇ ನಾ ಒಲೆ ಹಚ್ತಿದ್ದೆ." ಅವಳ ಧ್ವನಿ ಇಳಿಯಿತು. "ಆ ದಿನ ನಡುವೆ ನಿಲ್ಲಿಸ್ಲೇ ಇಲ್ಲ ಅಮ್ಮ. ಮಂಗಳಾರತಿ ಗಂಟೆ ಹಂಗೆ ಒಂದೇ ಸಮ ಹೊಡೆದ್ರು."

"ಇಗರ್ಜಿಯವರಿಗೆ ಗೊತ್ತಾಗ್ಲಿಲ್ಲೇನು?"

"ಅವ್ರೆಲ್ಲ ಹಬ್ಬಕ್ಕೆ ಯಲ್ಲಾಪುರಕ್ಕೆ ಹೋಗಿದ್ರು, ಫಾದರ್ ಸಮೇತ. ಊರಲ್ಲಿ ಉಳಿದವ್ರು ನಾವು. ನಮ್ಮ ಕಿವಿಗೆ ಗಂಟೆ ಅಂದ್ರೆ ಹಂಗೇ ಇರ್ತದೆ. ಯಾರಿಗೂ ಬೇರೆ ಅನ್ನಿಸ್ಲಿಲ್ಲ."

ದಾಕ್ಷಾಯಿಣಿ ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಮಾತಾಡಿದರು. "ಏಳಕ್ಕ ಗಂಟಿ ಆತು, ಅಂದ್ರ ಬಸ್ತ್ಯಾಂವ ಬದುಕಿದ್ದ ಅಂತ ಎಲ್ಲಾರೂ ತಿಳ್ಕೊಂಡ್ರು. ಆಮ್ಯಾಲೆ ಒಳಗ ಹೋದಾಂವ ಮಂಜ ಒಬ್ಬನೇ. ಗಂಟಿ ಹೊಡೆದಾಂವ ಬ್ಯಾರೆ ಅಂದ್ರ, ಬಸ್ತ್ಯಾಂವ ಏಳಕ್ಕ ಮೊದಲೇ ಸತ್ತಿದ್ದ. ಏಳರ ತನಕ ಮಂಜ ಎಲ್ಲಿದ್ದ?"

"ಡೈರಿಯಲ್ಲಿ. ಹಾಲಿನ ಸಾಲಲ್ಲಿ. ಇಪ್ಪತ್ತು ಜನ ಕಂಡಾರೆ."

"ಇಷ್ಟು ಗೊತ್ತಿದ್ದೂ ಹನ್ನೊಂದು ತಿಂಗಳು ಸುಮ್ಮ ಕುಂತಿ. ತಿಮ್ಮಿ ಹಚ್ಚಿದ ಬತ್ತಿಯ ಮೇಣಾನ ಕೆರೆದು, ಅದ್ರಾಗ ಆಕಿ ಗಂಡನ ಜೀವ ಮುಚ್ಚಿಟ್ಟಿ."

ಚೌಡಮ್ಮ ಅಲ್ಲೇ ಕಲ್ಲಿಗೆ ಒರಗಿ ಕೂತಳು. ಅಳಲಿಲ್ಲ. ಅಳು ಬರುವ ಜಾಗವನ್ನು ಹೆದರಿಕೆ ತುಂಬಿಕೊಂಡಿತ್ತು.

"ಮಾರನೇ ದಿನ ಡೈರಿಯಲ್ಲಿ ಬಾಯಿ ತಪ್ಪಿ ಹೇಳ್ಬಿಟ್ಟೆ, ನಿನ್ನೆ ಗಂಟೆ ಎಂತಕೋ ಬೇರೆ ಥರ ಕೇಳ್ತು ಅಂತ. ಮೂರನೇ ದಿನ ಬಾಗ್ಲು ತೆಗೀತೆ, ಹೊಸ್ತಿಲ ಮೇಲೆ ಗಂಟೆ ಹಗ್ಗದ ತುಂಡು. ಕುತ್ತಿಗೆಗೆ ಹಾಕೂ ಹಂಗೆ ಕುಣಿಕೆ ಮಾಡಿ ಇಟ್ಟಿದ್ರು. ಆಮೇಲೆ ಒಂದು ದಿನ ಕೆಲ್ಸ ಮುಗಿಸಿ ಹೋದ್ರೆ ಮನೆ ಒಳಗೆ ಹಾಸಿಗೆ, ಪೆಟ್ಟಿಗೆ ಎಲ್ಲ ಮೊಗಚಿ ಹಾಕಿತ್ತು. ಒಬ್ಬಳೇ ಇರೂದು ನಾನು. ಎಂತ ಮಾಡೂದು ಹೇಳಿ."

"ಡೈರಿಯಲ್ಲಿ ನೀ ಆಡಿದ್ದನ್ನ ಯಾರು ಕೇಳಿದ್ರು?"

"ಎಲ್ಲರೂ. ವಿನೋದ ನನ್ನ ಹಿಂದೆಯೇ ನಿಂತಿದ್ದ."

ದಾಕ್ಷಾಯಿಣಿ ಕಾಗದದ ಚಿತ್ರವನ್ನು ಫೋನಿನಲ್ಲಿ ತೆಗೆದರು. ಕಳಿಸಲು ನೋಡಿದರು, ಈ ತಗ್ಗಿನಲ್ಲಿ ಸಿಗ್ನಲ್ ಇರಲಿಲ್ಲ. ಕಾಗದವನ್ನು ಮತ್ತೆ ಲಕೋಟೆಗೆ ಹಾಕಿ ಅವಳ ಕೈಗಿಟ್ಟರು.

"ಹನ್ನೊಂದರ ಬಸ್ಸಿಗೆ ಟಪಾಲು ಹೋಗ್ತದ. ಇದನ್ನ ಈಗ ಹಾಕಿ ಬಾ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ತಗೋ."

"ನೀವೇ ತಗೊಂಡು ಹೋಗಿ ಅಮ್ಮ. ನಿಮ್ಮ ಕಾಲಿಗೆ ಬೀಳ್ತೆ."

"ನಾ ಕೊಟ್ರ ನಿವೃತ್ತ ದಫೇದಾರಳ ಕತಿ ಆಗ್ತದ. ನಿನ್ನ ಕೈಲೆ ಹೋದ್ರ ಸಾಕ್ಷಿ. ನೀ ಬಸ್ ಹತ್ತಿ ಹೋದ್ರ ಕೊಂದ ಮನಶಾಗ ತಿಳೀತದ. ಹತ್ತು ನಿಮಿಷದಾಗ ಹೋಗಿ ಬಂದು ನಿನ್ನ ಮೇಣ ನೀ ಕೆರಿ, ಯಾರಿಗೂ ಏನೂ ಅನಸಂಗಿಲ್ಲ. ಕೀಲಿ ಕೊಡು. ಆ ಹಗ್ಗ ಕೊಯ್ದಿದ್ದು ಖರೇ ಆಗಿದ್ರ, ಮ್ಯಾಲೆ ಅದರ ಗುರುತು ಇರಬೇಕು."

ಅವರು ಗವಿಯ ಮುಂದೆ ಬಂದಾಗ ಕಲ್ಲುಬೆಂಚು ಖಾಲಿಯಿತ್ತು. ಶಂಭುಲಿಂಗಪ್ಪ ಗವಿಯ ಗೋಡೆಯ ಈಚೆ ಮಗ್ಗುಲಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದರು.

"ಗೋಪುರ ಹತ್ತೀರೇನ್ರಿ ಅಕ್ಕಾರ?" ಎಂದು ಕೇಳಿದರು. "ಮೆಟ್ಟಿಲು ಪಾಚಿ ಹಿಡಿದಾವ. ನಡ್ರಿ, ನಾನೂ ಬರ್ತೀನಿ."

ಚೌಡಮ್ಮ ಲಕೋಟೆಯನ್ನು ಸೊಂಟದ ಸೆರಗಿನಲ್ಲಿ ಸಿಕ್ಕಿಸಿಕೊಂಡು ಹೊರಟಳು. ಇಗರ್ಜಿಯಿಂದ ರಸ್ತೆಗೆ ಕೂಗಳತೆಯ ದೂರ. ಆ ದೂರದಲ್ಲಿ ಅವಳು ಐದು ಸಲ ಹಿಂತಿರುಗಿ ನೋಡಿದಳು. ಮಂಜಿನೊಳಗೆ ಒಣಗಿದ ಎಲೆ ಬಿದ್ದರೂ ಯಾರೋ ಕಾಲಿಟ್ಟಂತೆ ಕೇಳುತ್ತಿತ್ತು. ಸ್ಮಶಾನದ ಶಿಲುಬೆಗಳ ಹತ್ತಿರ ಬಂದಾಗ ಬಸ್ತ್ಯಾಂವನ ಗೋರಿಯ ಕಡೆ ನೋಡಲಾರದೆ ಮುಖ ತಿರುಗಿಸಿದಳು. ಸತ್ತವರ ಹೆದರಿಕೆ ಅಲ್ಲ ಅದು. ಅವನು ಕೇಳಿದರೆ ಏನು ಹೇಳುವುದು ಎಂಬ ಹೆದರಿಕೆ.

ಅಂಚೆ ಕಚೇರಿ ಎಂದರೆ ಮಮತಾಳ ಮನೆಯ ಮುಂದಿನ ಕೋಣೆ. ಪಕ್ಕದ್ದೇ ಚಹಾದಂಗಡಿ. ಅದರ ಎದುರು ವಿನೋದನ ಬೈಕು ನಿಂತಿತ್ತು.

ಅವನು ಗ್ಲಾಸು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದ. ಅವಳನ್ನು ಕಂಡವನೇ ಗ್ಲಾಸು ಕೆಳಗಿಟ್ಟ.

"ಎಂತದು ಚೌಡಕ್ಕ, ಮೇಣ ಬಿಟ್ಟು ಇಲ್ಲಿ? ಯಾರಿಗೆ ಕಾಗದ?"

"ಅಕ್ಕನ ಮಗಳಿಗೆ."

"ಈ ಕಾಲದಲ್ಲಿ ಕಾಗದವಾ? ಫೋನ್ ಮಾಡೂದಲ್ದ?"

ಅವಳು ಒಳಗೆ ಹೋದಳು. ಬೆನ್ನ ಹಿಂದೆ ಅವನು ಎದ್ದು ಬಾಗಿಲಿಗೆ ಒರಗಿ ನಿಂತದ್ದು ನೆರಳಿನಿಂದ ತಿಳಿಯಿತು.

ಮಮತಾ ಟಪಾಲು ಚೀಲದ ಬಾಯಿಗೆ ದಾರ ಸುತ್ತುತ್ತಿದ್ದಳು. "ಮುಂಚೆ ಬರೂಕೆ ಎಂತ ನಿಂಗೆ? ಬಸ್ಸು ಬಂತಲ್ಲ." ತಿರುವಿನಾಚೆ ಹಾರ್ನು ಕೇಳುತ್ತಿತ್ತು. ಆದರೂ ದಾರ ಸಡಿಲಿಸಿ, ಲಕೋಟೆಯನ್ನು ತೂಕಕ್ಕಿಟ್ಟು ತಿರುಗಿಸಿ ನೋಡಿದಳು. "ಕಳಿಸೋರ ಹೆಸರು ಬರೀಲೇ ಇಲ್ಲ. ಹೆಸರು, ಊರು ಬರಿ. ಅದಿಲ್ಲದೆ ರಸೀದಿ ಆಗೂದಿಲ್ಲ."

ಚೌಡಮ್ಮ ಪೆನ್ನು ತೆಗೆದುಕೊಂಡಳು. ಬರೆದಾಗ ಬೇಕೆಂದೇ ಬಿಟ್ಟ ಜಾಗ ಅದು. ಬಾಗಿಲಲ್ಲಿ ನೆರಳು ಅಲ್ಲಾಡಲಿಲ್ಲ. ಪೆನ್ನಿನ ಮೊನೆ ಕಾಗದಕ್ಕೆ ತಾಗಿ ಅಲ್ಲೇ ನಿಂತಿತು. ಇನ್ನೊಂದು ದಿನ ಬಿಟ್ಟರೆ? ನಾಳೆಯೂ ಬಸ್ಸು ಇದೆ. ನಾಳೆ ದಾಕ್ಷಾಯಿಣಿಯವರೇ ಜೊತೆಗೆ ಬಂದರೆ?

ಆಗ ಗಂಟೆ ಹೊಡೆಯಿತು.

ಮೈಕಿನದ್ದಲ್ಲ. ಹನ್ನೊಂದು ತಿಂಗಳಿಂದ ಯಾರೂ ಮುಟ್ಟದ ಗೋಪುರದ ಗಂಟೆ. ಒಂದು, ಎರಡು, ಮೂರು. ಚೌಡಮ್ಮ ನಡುವಿನ ಬಿಡುವಿಗೆ ಕಾದಳು. ನಿಲ್ಲಬೇಕಾದ ಕಡೆ ಅದು ನಿಲ್ಲಲಿಲ್ಲ. ನಾಲ್ಕು, ಐದು, ಆರು, ಏಳು. ಮಂಗಳಾರತಿಯ ಹಾಗೆ ಒಂದೇ ಸಮ.

"ಇದೆಂತ, ಇಗರ್ಜಿಯಲ್ಲಿ ಈ ಹೊತ್ತಿಗೆ" ಎಂದಳು ಮಮತಾ.

ಚೌಡಮ್ಮ ತಿರುಗಿದಳು. ವಿನೋದ ಬಾಗಿಲಲ್ಲೇ ಇದ್ದ. ಅವನ ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು.

"ಆ ದಿನವೂ ಹಿಂಗೇ ಹೊಡೆದಿತ್ತು ಚೌಡಕ್ಕ" ಎಂದ, ಮೆಲ್ಲಗೆ. "ನೀ ಡೈರಿಯಲ್ಲಿ ಹೇಳಿದ ಮೇಲೆ ನಂಗೆ ನೆನಪಾತು. ಹೇಳೂಕೆ ಹೆದರಿಕೆ ಆತು. ಅಲ್ಲಿ ಈಗ ಯಾರಿದ್ದಾರೆ?"

ಯಾರಿದ್ದಾರೆ. ಗೋಪುರದ ಕೀಲಿ ದಾಕ್ಷಾಯಿಣಿಯವರ ಕೈಯಲ್ಲಿ. ಕಾಗದದ ಚಿತ್ರವಿರುವ ಫೋನು ಅವರ ಚೀಲದಲ್ಲಿ. ಅವರ ಹಿಂದೆ ಪಾಚಿ ಮೆಟ್ಟಿಲು ಹತ್ತಿ ಹೋದವರು ನಲ್ಲಿಯಲ್ಲಿ ಕಾಲು ತೊಳೆದುಕೊಂಡವರು. ಆ ನಲ್ಲಿ ಗವಿಯ ಗೋಡೆಯ ಈಚೆ. ಆಚೆ ಮಗ್ಗುಲಲ್ಲಿ ತಾನು ಹೇಳಿದ್ದಷ್ಟೂ ಈಚೆಗೆ ಕೇಳುತ್ತದೆ. ಡೈರಿಯ ಅಂಗಳದಲ್ಲಿ ಆ ಬೆಳಿಗ್ಗೆ ಶಂಭುಲಿಂಗಪ್ಪನವರ ಜೀಪು ನಿಂತಿತ್ತು ಎಂಬುದೂ ಈಗ ನೆನಪಾಯಿತು. ಆ ದಿನ ಹಗ್ಗ ಎಳೆದ ಕೈಯೇ ಈಗಲೂ ಎಳೆಯುತ್ತಿದೆ.

ಓಡಬೇಕು ಎಂದು ಕಾಲು ಹೇಳಿತು. ಬಸ್ಸು ಬಂದು ನಿಂತಿತು, ಕಂಡಕ್ಟರ್ ಚೀಲಕ್ಕೆ ಕೈ ಚಾಚಿದ.

"ವಿನೋದ, ನೀ ಬೈಕು ತೆಗೆ. ಗೋಪುರಕ್ಕೆ ಹೋಗು. ನಾ ಹಿಂದೇ ಬರ್ತೆ."

ಅವನು ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ಬೈಕಿನ ಸದ್ದು ಕೇಳಿತು.

ಅವಳು ಮೇಜಿಗೆ ಬಗ್ಗಿ ಬರೆದಳು. ಚೌಡಮ್ಮ. ಇಗರ್ಜಿ ಕೆಲಸ. ಕುಂಬ್ರಿಕೊಪ್ಪ. ಅಕ್ಷರಕ್ಕೆ ಅಕ್ಷರ ಕೂಡಿಸಿ, ಎಲ್ಲೂ ಹೊಡೆದುಹಾಕದೆ, ಯಾರಾದರೂ ಓದಬಲ್ಲ ಹಾಗೆ. ಮಮತಾ ರಸೀದಿ ಹರಿದುಕೊಟ್ಟು ಲಕೋಟೆಯನ್ನು ಚೀಲಕ್ಕೆ ಹಾಕಿ ದಾರ ಬಿಗಿದಳು. ಚೀಲ ಬಸ್ಸಿನೊಳಗೆ ಹೋಯಿತು. ಬಾಗಿಲು ಮುಚ್ಚಿಕೊಂಡಿತು.

ಬಸ್ಸು ತಿರುವು ದಾಟುವವರೆಗೆ ಗಂಟೆ ಹೊಡೆಯುತ್ತಲೇ ಇತ್ತು. ಗೋಪುರದ ಬುಡದಲ್ಲಿ ಬೈಕಿನ ಸದ್ದು ನಿಂತಿತು. ಆಮೇಲೆ, ಎತ್ತಿದ ಕೈಯನ್ನು ಯಾರೋ ಹಿಡಿದಂತೆ, ಗಂಟೆ ಅರ್ಧಕ್ಕೇ ನಿಂತಿತು.